ಪಳಗುವುದು ಕೈಯೋ, ಕತ್ತಿಯೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ತೋಟದಲ್ಲಿ ಒಂದು ಮಾತು ಕೇಳುತ್ತಿರುತ್ತೇವೆ: ‘ಆ ಕತ್ತಿ ಮುಟ್ಟಬೇಡ, ಅದು ಅವನ ಕೈಗೆ ಪಳಗಿದ್ದು.’ ಬರವಣಿಗೆಯಲ್ಲಿ ನಾನು ಜಾಸ್ತಿ ಕಂಡಿರುವುದು ‘ಪಳಗಿದ ಕೈ’, ‘ಪಳಗಿದ ಆನೆ’. ಅಲ್ಲೆಲ್ಲ ಪಳಗುವುದು ಜೀವ ಇರುವುದು. ಹಾಗಾದರೆ ಕತ್ತಿ ಪಳಗುತ್ತದೆ ಅನ್ನಬಹುದಾ? ನಿಮ್ಮ ಊರಲ್ಲಿ ಅನ್ನುತ್ತಾರಾ?

ಇಲ್ಲಿ ಅದನ್ನು ಸುಮ್ನೆ ಮಾತಿನ ಚಂದಕ್ಕೆ ಹೇಳುವುದಲ್ಲ. ನಮ್ಮ ಮನೆಯ ಮೆಟ್ಟುಕತ್ತಿಯನ್ನೇ ತೆಗೆದುಕೊಳ್ಳಿ. ಘಟ್ಟದ ಮೇಲಿನವರು ಈಳಿಗೆಮಣೆ ಅನ್ನುತ್ತೀರಲ್ಲ, ಅದು. ಅಮ್ಮ ಬಲಗಾಲು ಊರುವ ಕಡೆ ಮರ ನುಣ್ಣಗಾಗಿ ಕೊಂಚ ತಗ್ಗಿದೆ. ಮಸೆದು ಮಸೆದು ಅಲಗಿನ ನಡು ಸವೆದಿದೆ. ತಂಗಿ ಎಡಗಾಲು ಊರಿ ಕೂರುವವಳು. ಅವಳು ಅದರಲ್ಲಿ ಸೌತೆ ಹೆಚ್ಚಿದರೆ ಹೋಳು ಓರೆಯಾಗುತ್ತದೆ. ತಲೆಗೆ ಇಡುವ ಹಾಳೆಯ ಟೊಪ್ಪಿ, ಮುಟ್ಟಾಳೆಯೂ ಹಾಗೆಯೇ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮಡಚಿ, ಹೊಲಿಯುತ್ತಾರೆ. ಹಸಿ ಇರುವಾಗಲೇ ತಲೆಗೆ ಇಟ್ಟರೆ ಒಣಗುತ್ತಾ ಆ ತಲೆಯ ಆಕಾರ ಹಿಡಿಯುತ್ತದೆ. ಇನ್ನೊಬ್ಬರು ಇಟ್ಟುಕೊಂಡರೆ ಒಂದೋ ಬಿಗಿ, ಇಲ್ಲ ಸಡಿಲ.

ಇದೇ ತಿರುಗಿಯೂ ನಡೆಯುತ್ತದೆ. ಮರ ಹತ್ತುವವರ ಪಾದ ನೋಡಿ. ತಳೆ (ಹತ್ತುವಾಗ ಪಾದಕ್ಕೆ ಹಾಕುವ ಹಗ್ಗದ ಬಳೆ) ಒತ್ತುವ ಜಾಗದಲ್ಲಿ ಚರ್ಮ ದಪ್ಪಗಟ್ಟಿರುತ್ತದೆ. ಚಪ್ಪಲಿ ಬಿಟ್ಟು ಜಗಲಿ ಹತ್ತಿದರೆ ಸಾಕು, ಕೆಲಸ ಏನೆಂದು ಕೇಳಬೇಕಾಗಿಲ್ಲ. ಕತ್ತಿ ಕೈಗೆ ಪಳಗುತ್ತದೆ, ಕೈ ಕತ್ತಿಗೆ ಪಳಗುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದ ಸಾಕಾಗುವುದು ನನಗೆ ತುಂಬಾ ಇಷ್ಟ.

‘ಒಗ್ಗು’ ಕೂಡ ಎರಡೂ ಕಡೆ ಸಲ್ಲುತ್ತದೆ. ಆದರೆ ಹೊಸ ಚಪ್ಪಲಿ ನಾಲ್ಕು ದಿನದಲ್ಲಿ ಒಗ್ಗುತ್ತದೆ. ಊರಿನ ನೀರೂ ಒಗ್ಗುತ್ತದೆ. ಪಳಗಬೇಕಾದರೆ ಕೆಲಸ ಆಗಬೇಕು, ವರ್ಷ ಕಳೆಯಬೇಕು. ಒಂದರ ಬದಲು ಇನ್ನೊಂದು ಹಾಕಲು ಬರುವುದಿಲ್ಲ ಅಂತ ನನ್ನ ಅಭಿಪ್ರಾಯ.

ಕಾಸರಗೋಡಿನಲ್ಲಿ ಇರುವವರಿಗೆ ಇನ್ನೊಂದು ಎಳೆ ಕಿವಿಗೆ ಬೀಳುತ್ತದೆ. ಮಲಯಾಳದಲ್ಲಿ ‘ಪೞಕಿಯ ಭಕ್ಷಣಂ’ ಅಂದರೆ ಹಳಸಿದ ಊಟ. ತಮಿಳಿನಲ್ಲಿ ‘ಪೞಗು’ ಅಂದರೆ ಅಭ್ಯಾಸವಾಗು, ಜನರೊಂದಿಗೆ ಬೆರೆ. ನಮ್ಮ ‘ಹಳೆ’, ‘ಹಳಸು’, ‘ಪಳಗು’ ಮೂರೂ ಇದೇ ಬುಡದವು. ಹಳಗನ್ನಡದ ೞ ಇಲ್ಲಿ ಳ ಆಗಿದೆ, ಅಷ್ಟೇ. ಹಳತಾಗುವುದು ಊಟಕ್ಕೆ ಕೇಡು, ಕತ್ತಿಗೆ ಹಾಗಲ್ಲ. ಅದಕ್ಕೇ ಇರಬೇಕು, ಇಲ್ಲಿ ಹಳೆ ಕತ್ತಿಗೆ ಹೊಸ ಹಿಡಿ ಹಾಕಿಸುವವರು ಜಾಸ್ತಿ, ಬಿಸಾಡುವವರು ಕಡಿಮೆ.

ನನ್ನನ್ನು ಕಾಡುವುದು ಪಕಾರ. ಪಾಲು ಹಾಲಾಯಿತು, ಪೂ ಹೂವಾಯಿತು, ಪೞೆಯದು ಹಳೆಯದಾಯಿತು. ‘ಪಳಗು’ ಮಾತ್ರ ಯಾಕೆ ಹಾಗೇ ಉಳಿಯಿತು? ತುಳು, ಮಲಯಾಳದಲ್ಲಿ ಪಕಾರ ಉಳಿದಿದೆ, ಸರಿ. ಆದರೆ ಅವೆರಡರ ಗಾಳಿ ಸೋಕದ ಬೀದರ್, ಧಾರವಾಡದಲ್ಲೂ ‘ಪಳಗು’ ಅಂತಲೇ ಅಲ್ವಾ? ‘ಹಳಗು’ ಅನ್ನುವ ಊರು ಎಲ್ಲಾದರೂ ಇದ್ದರೆ ತಿಳಿಸಿ. ಯಾವ ವಸ್ತುವಿಗೆ ಹಾಗೆ ಹೇಳುತ್ತಾರೆ ಎಂಬುದನ್ನೂ, ಪೂರ್ತಿ ವಾಕ್ಯವನ್ನೂ ಬರೆದರೆ ಉಪಕಾರ.