ಇಯರ್ 7 ಮಗಳಿಗೆ ಧೈರ್ಯ ಹೇಳುವ ಮುಂಚೆ

ಮಗಳು ಸ್ಕೂಲ್ ಗೇಟ್ ಹತ್ತಿರ ಕನ್ನಡ ಮಾತಾಡಬೇಡ ಅಂತಾಳೆ, ಊಟದ ಹೊತ್ತಲ್ಲಿ ಲೈಬ್ರರಿಗೆ ಹೋಗಿ ಒಬ್ಬಳೇ ಕೂರುತ್ತಾಳೆ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ಈ ಗುಂಪಿನಲ್ಲಿ ಹಲವರು "ನಾವೂ ದಾಟಿ ಬಂದವರೇ, ತಾನೇ ಸರಿಹೋಗುತ್ತೆ" ಎಂದಿದ್ದಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಾವು ಇಂಗ್ಲೆಂಡಿಗೆ ಬಂದಾಗ ಬೆಳೆದು ನಿಂತವರು, ಕೈಯಲ್ಲಿ ಕೆಲಸ ಇತ್ತು. ಅವಳಿಗಿನ್ನೂ 11 ವರ್ಷ. ಪ್ರೈಮರಿಯಲ್ಲಿ ಹೆಚ್ಚುಕಮ್ಮಿ ದಿನವಿಡೀ ಒಬ್ಬರೇ ಟೀಚರ್ ಇರುತ್ತಿದ್ದರು. ಇಯರ್ 7 ಅಂದರೆ ಸೆಕೆಂಡರಿಯ ಮೊದಲ ವರ್ಷ, ಅಲ್ಲಿ ಪಾಠಕ್ಕೊಬ್ಬರು. ಮಗುವಿನ ಮುಖ ಬಾಡಿದ್ದು ಯಾರ ಗಮನಕ್ಕೂ ಬರದೇ ಹೋಗಬಹುದು.

ನನ್ನ ಮಗನ ಬಣ್ಣವನ್ನೂ ನನ್ನ ಇಂಗ್ಲಿಷನ್ನೂ ಚೇಂಜಿಂಗ್ ರೂಮಿನಲ್ಲಿ ಅಣಕಿಸುತ್ತಿದ್ದರು. ಪಿಇ (ಆಟದ ಪೀರಿಯಡ್) ಇದ್ದ ದಿನ ಬೆಳಗ್ಗೆಯೇ ಹೊಟ್ಟೆನೋವು. ಬಾಯಿಮಾತಲ್ಲಿ ಹೇಳಿದಾಗ ಫಾರ್ಮ್ ಟ್ಯೂಟರ್ (ಕ್ಲಾಸ್ ಟೀಚರ್) ಹುಡುಗಾಟ ಅಂದುಬಿಟ್ಟರು. ಆಮೇಲೆ ಆ ವರ್ಷದ ಮಕ್ಕಳೆಲ್ಲರ ಉಸ್ತುವಾರಿ ನೋಡುವ ಹೆಡ್ ಆಫ್ ಇಯರ್‌ಗೆ ಇಮೇಲ್ ಹಾಕಿದೆ. ಯಾವ ದಿನ, ಎಲ್ಲಿ, ಯಾರಿದ್ದರು, ಆಡಿದ ಮಾತು ಏನು, ಎಲ್ಲ ಇದ್ದ ಹಾಗೇ ಬರೆದೆ. ಮೀಟಿಂಗಿಗೆ ಕರೆದರು. ಮಗನೂ ಪಕ್ಕದಲ್ಲೇ ಕೂತಿದ್ದ. ಅವನು ಹೇಳಿದ್ದನ್ನು ಅವರು ಒಂದೊಂದಾಗಿ ಬರೆದುಕೊಂಡರು. ಹೊರಗೆ ಬಂದವನೇ "ಅಮ್ಮ, ನಂಬಿದರು ಅಲ್ವಾ?" ಅಂದ. ಅಣಕ ಒಂದೇ ದಿನಕ್ಕೆ ನಿಲ್ಲಲಿಲ್ಲ. ಆದರೆ ಮುಂದಿನ ಸಲ ಅವನೇ ಹೋಗಿ ಹೇಳಿದ. ಗಟ್ಟಿತನ ಬಂದದ್ದು ಹಾಗೆ, ಸುಮ್ನೆ ಸಹಿಸಿಕೊಂಡು ಅಲ್ಲ.

ಕಾನೂನೂ ನಿಮ್ಮ ಕಡೆಗಿದೆ. 2010ರ ಸಮಾನತೆ ಕಾಯ್ದೆ, ಅಂದರೆ ಈಕ್ವಾಲಿಟಿ ಆಕ್ಟ್‌ನಲ್ಲಿ ಬಣ್ಣ, ರಾಷ್ಟ್ರೀಯತೆ, ಮೂಲ ಎಲ್ಲವೂ ಸೇರಿವೆ. ಬುಲ್ಲಿಯಿಂಗ್ (ಅಣಕಿಸಿ ಕಾಡಿಸುವುದು) ತಡೆಯುವುದು ಶಾಲೆಯ ಹೊಣೆ. ಇದೆಲ್ಲ ಸುಲಭಕ್ಕೆ ಬಂದದ್ದೂ ಅಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಪಗಡಿ ತೆಗೆಯಲ್ಲ ಅಂದ ಸಿಖ್ ಹುಡುಗನಿಗೆ ಒಂದು ಶಾಲೆ ಸೀಟು ಕೊಡಲಿಲ್ಲ. ಕೇಸು ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ, 1983ರಲ್ಲಿ ಆ ಕುಟುಂಬ ಗೆದ್ದಿತು. ಮಗಳಿಗೆ ಈ ಕಥೆ ಹೇಳಿ.

ನಿಮಗೆ ಹೇಳಿಕೊಳ್ಳೋಕೆ ಅವಳಿಗೆ ಕಷ್ಟವಾದರೆ ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್ 0800 1111 ಇದೆ, ಕರೆ ಉಚಿತ. ಗೇಟ್ ಹತ್ತಿರ ಕನ್ನಡ ಬೇಡ ಅಂದರೆ ಸದ್ಯಕ್ಕೆ ಒತ್ತಾಯ ಬೇಡ. ಕಾರು ಹತ್ತಿದ ಮೇಲೆ ಮಾತಾಡಿ. ಶಾಲೆಗೆ ಇಮೇಲ್ ಬರೆಯೋಕೆ ಜೊತೆ ಬೇಕಿದ್ದರೆ ನನಗೆ ಮೆಸೇಜ್ ಹಾಕಿ, ಕೂತು ಬರೆಯೋಣ. ಕಳಿಸುವ ಮುಂಚೆ ಅವಳಿಗೊಮ್ಮೆ ಓದಿ ಹೇಳಿ. ಯಾವುದಾದರೂ ಸಾಲು ಬೇಡ ಅಂದರೆ ಯಾಕೆ ಅಂತ ಕೇಳಿ, ಆಮೇಲೆ ತೆಗೆಯಿರಿ.