ಒಂದೇ ಮಾಲು, ಎರಡು ಡ್ರಮ್ಮು, ಎರಡು ಲೇಬಲ್: ಸೇಫ್ಟಿ ಆಫೀಸರಿಗೆ ಕೇಳಿ

ಪ್ರಶ್ನೆ (ಭಿವಂಡಿ)

ಸರ್, ನಮಸ್ಕಾರ. ನಾನು ಇಂಡಿ ತಾಲೂಕಿನವನು. ಭಿವಂಡಿಯಲ್ಲಿ ಪ್ರಿಂಟಿಂಗ್ ಇಂಕಿನ ಗೋಡೌನಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಇಂಕು ಕರಗಿಸುವ ಟಾಲ್ವೀನ್ ಎರಡು ಕಡೆಯಿಂದ ಬರುತ್ತದೆ. ನ್ಹಾವಾ ಶೇವಾ ಬಂದರಿನಿಂದ ಬರುವ ಡ್ರಮ್ಮಿನ ಮೇಲೆ ಕೆಂಪು ಗೆರೆಯ ಓರೆ ಚೌಕಗಳಿವೆ, ಒಳಗೆ ಕಪ್ಪು ಚಿತ್ರ. ಕೆಳಗೆ ಎಚ್225, ಎಚ್304 ಅಂತ ಏನೇನೋ ನಂಬರು. ಲೋಕಲ್ ಡ್ರಮ್ಮಿನ ಮೇಲೆ ಹೆಸರು, ಬ್ಯಾಚ್ ನಂಬರು, ವಿಳಾಸ ಅಷ್ಟೇ. ನಮ್ಮ ಸೇಠ್ ಹೇಳುವುದು, "ಫಾರಿನ್ ಮಾಲು ಸ್ಟ್ರಾಂಗು, ನಮ್ದು ಸಾದಾ" ಅಂತ. ಹುಡುಗರೂ ಅದನ್ನೇ ನಂಬಿ ಲೋಕಲ್ ಡ್ರಮ್ಮಿನ ಹತ್ತಿರ ಬೀಡಿ ಹಚ್ಚುತ್ತಾರೆ. ನಿಜವಾಗಿ ವ್ಯತ್ಯಾಸ ಇದೆಯಾ? ಈ ಚಿತ್ರ ಹಾಕಬೇಕು ಅಂತ ನಮ್ಮ ದೇಶದಲ್ಲಿ ಕಾನೂನು ಇಲ್ವಾ?

ಉತ್ತರ

ಮೊದಲು ಬೀಡಿ ಆರಿಸಲು ಹೇಳಿ, ಆಮೇಲೆ ಇದನ್ನು ಓದಿ.

ಎರಡು ಡ್ರಮ್ಮಿನಲ್ಲೂ ಇರುವುದು ಒಂದೇ ಟಾಲ್ವೀನ್. ಅದರ ಫ್ಲ್ಯಾಶ್ ಪಾಯಿಂಟ್ ಸುಮಾರು 4 ಡಿಗ್ರಿ ಸೆಲ್ಸಿಯಸ್. ಅಂದರೆ ಅಷ್ಟು ಚಳಿಯಲ್ಲೂ ಅದರಿಂದ ಏಳುವ ಆವಿಗೆ ಒಂದು ಕಿಡಿ ತಾಗಿದರೆ ಸಾಕು, ಹತ್ತಿಕೊಳ್ಳುತ್ತದೆ. ಭಿವಂಡಿಯಲ್ಲಿ ಮೇ ತಿಂಗಳ ತಗಡಿನ ಶೆಡ್ಡು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದುಕೊಂಡು ಹೋಗುತ್ತದೆ. ಬೀಡಿ ಹಚ್ಚಿದವನು ಡ್ರಮ್ಮಿನಿಂದ ನಾಲ್ಕು ಹೆಜ್ಜೆ ದೂರ ಕೂತಿದ್ದರೂ ಅದು ಅವನ ಕಾಲ ಬುಡಕ್ಕೇ ಬಂದಿರುತ್ತದೆ.

ವ್ಯತ್ಯಾಸ ಇರುವುದು ಮಾಲಿನಲ್ಲಿ ಅಲ್ಲ, ಮಾಲು ಹೊರಟ ದೇಶದ ಕಾನೂನಿನಲ್ಲಿ. ಮೊದಲು ಒಂದೊಂದು ದೇಶಕ್ಕೆ ಒಂದೊಂದು ಅಳತೆ ಇತ್ತು. ಇಲಿಗಳ ಮೇಲೆ ಪರೀಕ್ಷೆ ಮಾಡಿ, ಅರ್ಧದಷ್ಟು ಇಲಿ ಸಾಯುವ ಪ್ರಮಾಣವನ್ನು ಎಲ್‌ಡಿ50 ಅನ್ನುತ್ತಾರೆ. ನಂಬರು ಚಿಕ್ಕದಾದಷ್ಟೂ ವಿಷ ಜಾಸ್ತಿ. ಹೊಟ್ಟೆಗೆ ಹೋದಾಗಿನ ಈ ನಂಬರು ಮೈತೂಕದ ಕಿಲೋಗೆ 250 ಮಿಲಿಗ್ರಾಂ ಇರುವ ಒಂದು ಪುಡಿ ಇದೆ ಅಂತ ಇಟ್ಟುಕೊಳ್ಳಿ. ಅಮೆರಿಕದ ಹಳೆಯ ನಿಯಮದಲ್ಲಿ 50ರಿಂದ 500ರವರೆಗೆ ವಿಷ, ಹಾಗಾಗಿ ಇದು ವಿಷ. ಯೂರೋಪಿನ ಹಳೆಯ ನಿಯಮದಲ್ಲಿ 25ರಿಂದ 200ರವರೆಗೆ ಮಾತ್ರ ವಿಷ, ಹಾಗಾಗಿ ಇದು ಬರೀ "ಹಾನಿಕರ". ಪುಡಿ ಅದೇ. ಹಡಗು ಹತ್ತಿ ಇಳಿಯುವಷ್ಟರಲ್ಲಿ ಅದರ ವಿಷದ ಹಣೆಪಟ್ಟಿ ಮಾಯ!

ಈ ಗೊಂದಲ ತಪ್ಪಿಸಲು ಎಲ್ಲರಿಗೂ ಒಂದೇ ಪದ್ಧತಿ ಬೇಕು ಅಂತ 1992ರಲ್ಲಿ ರಿಯೋ ಸಮ್ಮೇಳನದಲ್ಲಿ ತೀರ್ಮಾನವಾಯಿತು. ಹತ್ತು ವರ್ಷ ಕೂತು ಬರೆದರು. 2003ರಲ್ಲಿ ವಿಶ್ವಸಂಸ್ಥೆ ಪುಸ್ತಕ ತಂದಿತು. ನೇರಳೆ ರಟ್ಟು, ಅದಕ್ಕೆ ನಮ್ಮ ಕಸುಬಿನವರ ಬಾಯಲ್ಲಿ ಅದು ಪರ್ಪಲ್ ಬುಕ್. ನಿಮ್ಮ ಡ್ರಮ್ಮಿನ ಕೆಂಪು ಚೌಕ, ಎಚ್ ನಂಬರು ಬಂದಿದ್ದು ಅದರಿಂದಲೇ. ಪದ್ಧತಿಯ ಹೆಸರು ಜಿಎಚ್‌ಎಸ್. ಅದರಲ್ಲಿ ಆ 250ರ ಪುಡಿ ಎಲ್ಲಿ ಹೋದರೂ ಮೂರನೇ ಕೆಟಗರಿ, 50ರಿಂದ 300ರ ಒಳಗೆ, ತಲೆಬುರುಡೆಯೇ.

ಆದರೆ ಆ ಪುಸ್ತಕ ತಾನಾಗಿ ಕಾನೂನಲ್ಲ. ಪ್ರತಿ ದೇಶವೂ ಅದನ್ನು ತನ್ನ ಕಾನೂನಿನೊಳಗೆ ತಂದುಕೊಳ್ಳಬೇಕು. 2008ರೊಳಗೆ ಎಲ್ಲರೂ ತರಲಿ ಅಂತ ಜೋಹಾನ್ಸ್‌ಬರ್ಗ್ ಸಮ್ಮೇಳನದಲ್ಲಿ ಆಸೆಪಟ್ಟಿದ್ದರು. ಯೂರೋಪು 2009ರ ಜನವರಿಯಲ್ಲಿ ಜಾರಿಗೆ ತಂದಿತು. ಅಲ್ಲೂ ಒಂದೇ ಏಟಿಗೆ ಆಗಲಿಲ್ಲ. ಒಂಟಿ ರಾಸಾಯನಿಕಗಳಿಗೆ 2010ರ ಡಿಸೆಂಬರ್, ಥಿನ್ನರಿನಂಥ ಮಿಶ್ರಣಗಳಿಗೆ 2015ರ ಜೂನ್. ಅಮೆರಿಕ ತನ್ನ ಕಾರ್ಮಿಕ ನಿಯಮಕ್ಕೆ 2012ರಲ್ಲಿ ಸೇರಿಸಿತು.

ನಮ್ಮಲ್ಲಿ ಭೋಪಾಲ್ ಆದ ಮೇಲೆ 1986ರಲ್ಲಿ ಪರಿಸರ ಕಾಯ್ದೆ ಬಂತು, ಅದರ ಕೆಳಗೆ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು, ಆಮದು ನಿಯಮಗಳು ಬಂದವು. ಅದರ 17ನೇ ನಿಯಮ ನೋಡಿ. ಪ್ರತಿ ಡಬ್ಬದ ಮೇಲೆ ಒಳಗೇನಿದೆ, ತಯಾರಿಸಿದವರು ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಮತ್ತು ಅದರ ಗುಣ, ವಿಷದ ವಿವರ ಇರಬೇಕು ಅನ್ನುತ್ತದೆ. ಮಾಲಿನ ಅಪಾಯ, ಪ್ರಥಮ ಚಿಕಿತ್ಸೆ ಎಲ್ಲ ಬರೆದಿರುವ ಸೇಫ್ಟಿ ಡೇಟಾ ಶೀಟ್ ಕೂಡ ಇಟ್ಟಿರಬೇಕು. ಕೆಂಪು ಚೌಕದ ಮಾತು ಅದರಲ್ಲಿ ಇಲ್ಲ, ಯಾಕೆಂದರೆ ಆಗ ಕೆಂಪು ಚೌಕವೇ ಹುಟ್ಟಿರಲಿಲ್ಲ. ಜಿಎಚ್‌ಎಸ್ ಸೇರಿಸಿದ ಹೊಸ ನಿಯಮದ ಕರಡು 2020ರಲ್ಲಿ ಓಡಾಡಿತು. ನಾವೆಲ್ಲ ಟ್ರೇನಿಂಗೂ ಮಾಡಿದೆವು. ಕರಡು ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು.

ಹಾಗಾಗಿ ಚಿತ್ರ ಇಲ್ಲದ್ದು ನಿಮ್ಮ ಲೋಕಲ್ ಡ್ರಮ್ಮಿನ ಒಳ್ಳೆಯತನ ಅಲ್ಲ. ಆದರೂ ಬರೀ ಹೆಸರು ವಿಳಾಸ ಬರೆದು ಕೈತೊಳೆದುಕೊಳ್ಳುವುದು 1989ರ ನಿಯಮಕ್ಕೂ ಸಾಲದು. ಗುಣದ ವಿವರ ಎಲ್ಲಿ ಅಂತ ಸಪ್ಲೈಯರನ್ನು ಕೇಳಿ. ಡೇಟಾ ಶೀಟ್ ಕಳಿಸದೆ ಮಾಲು ಇಳಿಸಿಕೊಳ್ಳಬೇಡಿ. ಅದೇ ಸಪ್ಲೈಯರು ಜರ್ಮನಿಗೆ ಕಳಿಸುವ ಡ್ರಮ್ಮಿಗೆ ಅಚ್ಚುಕಟ್ಟಾಗಿ ಕೆಂಪು ಚೌಕ ಅಂಟಿಸುತ್ತಾನೆ, ಬಲ್ಲೆ.

ಪ್ರಶ್ನೆ (ಪುಣೆ, ಭೋಸರಿ)

ಅಣ್ಣಾ, ನಮ್ಮ ಕಂಪನಿಯ ಗೋಡೆಯ ಮೇಲೆ ನೀಲಿ, ಕೆಂಪು, ಹಳದಿ, ಬಿಳಿ ಇರುವ ದೊಡ್ಡ ಡೈಮಂಡ್ ಇದೆ. ಟಾಲ್ವೀನಿಗೆ ಅದರಲ್ಲಿ ಕೆಂಪಿನಲ್ಲಿ 3 ಅಂತ ಬರೆದಿದೆ. ಡೇಟಾ ಶೀಟಿನಲ್ಲಿ ಕೆಟಗರಿ 2 ಅಂತಿದೆ. ಯಾವುದು ಸರಿ?

ಉತ್ತರ

ಎರಡೂ ಸರಿ. ಇದು ಬಹಳ ಒಳ್ಳೆಯ ಪ್ರಶ್ನೆ, ಯಾಕೆಂದರೆ ಸೇಫ್ಟಿ ಡಿಪ್ಲೊಮಾ ಮಾಡಿದವರೂ ಇಲ್ಲಿ ಎಡವುತ್ತಾರೆ.

ಗೋಡೆಯ ಮೇಲಿನದು ಅಮೆರಿಕದ ಎನ್‌ಎಫ್‌ಪಿಎ ಡೈಮಂಡ್, ಫೈರ್ ಬ್ರಿಗೇಡಿನವರು ದೂರದಿಂದಲೇ ನೋಡಿ ತಿಳಿಯಲಿ ಅಂತ ಮಾಡಿದ್ದು. ಅದರಲ್ಲಿ 0 ಅಂದರೆ ಪಾಪದ್ದು, 4 ಅಂದರೆ ಭಯಂಕರ. ಜಿಎಚ್‌ಎಸ್ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಕೆಟಗರಿ 1 ಎಲ್ಲಕ್ಕಿಂತ ಕೆಟ್ಟದ್ದು. ಸ್ಕೂಲಿನಲ್ಲಿ ಒಂದನೇ ರ‍್ಯಾಂಕ್ ಇದ್ದ ಹಾಗೆ, ದುಷ್ಟತನದಲ್ಲಿ. ಗೋಡೆ ನೋಡಿ ಅಭ್ಯಾಸವಾದವನು ಡೇಟಾ ಶೀಟಿನಲ್ಲಿ "ಕೆಟಗರಿ 1" ಓದಿ, ಓ ಒಂದೇ ಅಲ್ವಾ, ಪರವಾಗಿಲ್ಲ ಅಂದುಕೊಂಡರೆ ಕೆಲಸ ಕೆಟ್ಟಿತು. ನಂಬರ್ ಬಿಡಿ, ಪದ ನೋಡಿ. ಜಿಎಚ್‌ಎಸ್ ಲೇಬಲ್ಲಿನಲ್ಲಿ ಎರಡೇ ಎಚ್ಚರಿಕೆ ಪದ. ಡೇಂಜರ್ ಅಂದರೆ ಹೆಚ್ಚಿನದು, ವಾರ್ನಿಂಗ್ ಅಂದರೆ ಅದಕ್ಕಿಂತ ಕಡಿಮೆ.

ಅದಕ್ಕೆ ಸೇರಿಸಿ (ಗೋವಾ, ವೆರ್ಣಾ)

ಸರ್, ಊರಲ್ಲಿ ಅಪ್ಪ ಹತ್ತಿಗೆ ಹೊಡೆಯುವ ಔಷಧಿ ಡಬ್ಬಿಯ ಮೇಲೂ ಡೇಂಜರ್ ಅಂತ ಇರುತ್ತದೆ, ಜೊತೆಗೆ ನೀಲಿ ಬಣ್ಣ. ಅದೂ ಇದೇನಾ?

ಉತ್ತರ

ಅಲ್ಲಪ್ಪ. ಅದು 1971ರ ಕೀಟನಾಶಕ ನಿಯಮ, ನಮ್ಮ ದೇಶದ್ದೇ. ಅಲ್ಲಿ ಓರೆ ಚೌಕದ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅತಿ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪು, ಹಳದಿ ಎರಡಕ್ಕೂ ಪಾಯ್ಸನ್ ಅಂತ ಬರೆಯುತ್ತಾರೆ. ಡೇಂಜರ್ ಬರುವುದು ಮೂರನೆಯ ಮಟ್ಟಕ್ಕೆ, ನೀಲಿಗೆ. ಅಂದರೆ ಫ್ಯಾಕ್ಟರಿ ಡ್ರಮ್ಮಿನಲ್ಲಿ ಎಲ್ಲಕ್ಕಿಂತ ದೊಡ್ಡ ಪದ, ಹೊಲದ ಡಬ್ಬಿಯಲ್ಲಿ ಮೂರನೇ ಸ್ಥಾನದ ಪದ. ಒಂದೇ ಪದ್ಧತಿ ಬೇಕು ಅಂತ ನಾವು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಅಪ್ಪನಿಗೆ ಇನ್ನೊಂದು ಮಾತು ಹೇಳಿ. ಬಿಸ್ಕತ್ ಪ್ಯಾಕೆಟ್ಟಿನ ಹಸಿರು ಚುಕ್ಕೆಗೂ ಔಷಧಿ ಡಬ್ಬಿಯ ಹಸಿರಿಗೂ ಸಂಬಂಧ ಇಲ್ಲ. ಡಬ್ಬಿಯ ಹಸಿರು ಅಂದರೆ ವಿಷ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ.

ಪ್ರಶ್ನೆ (ಡೊಂಬಿವಲಿ)

ನಮ್ಮ ಲೈನಿನಲ್ಲಿ ಕಲಬುರಗಿ, ವಿಜಯಪುರದ ಹುಡುಗರೇ ಜಾಸ್ತಿ. ಇಂಗ್ಲಿಷ್ ಓದಲ್ಲ, ಮರಾಠಿ ಮಾತಾಡ್ತಾರೆ, ಓದಲ್ಲ. ಈ ಚಿತ್ರಗಳನ್ನು ಅವರಿಗೆ ಹೇಗೆ ಹೇಳಿಕೊಡುವುದು?

ಉತ್ತರ

ಪೋಸ್ಟರ್ ಅಂಟಿಸಿ ಫೋಟೋ ತೆಗೆದು ಆಡಿಟ್ ಫೈಲಿಗೆ ಹಾಕುವುದು ಸುಲಭ. ನಾನೂ ಮಾಡಿದ್ದೇನೆ. ಒಂದು ದಿನ ಸುಮ್ನೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಇದೇನು, ಇದೇನು ಅಂತ ಕೇಳಿದೆ. ಬೆಂಕಿ ಎಲ್ಲರಿಗೂ ಗೊತ್ತು. ತಲೆಬುರುಡೆ ಗೊತ್ತು, ಕರೆಂಟಿನ ಕಂಬದ ಮೇಲೆ ನೋಡಿದ್ದಾರೆ. ಕೈಮೇಲೆ ಆಸಿಡ್ ಸುರಿಯುವ ಚಿತ್ರ ಗೊತ್ತು. ಮನುಷ್ಯನ ಎದೆಯಲ್ಲಿ ನಕ್ಷತ್ರದಂತೆ ಬಿರಿದಿರುವ ಒಂದು ಚಿತ್ರ ಇದೆಯಲ್ಲ, ಅದನ್ನು ತೋರಿಸಿದರೆ ಒಬ್ಬ ಹಿರಿಯ ಹೆಲ್ಪರ್ ಕೈ ಮುಗಿದೇಬಿಟ್ಟ. "ಹನುಮಪ್ಪ ಎದೆ ಬಗದು ತೋರಿಸ್ಲಿಕ್ಕತ್ತಾನ್ರಿ."

ಆ ಚಿತ್ರದ ಅರ್ಥ ಇಷ್ಟು: ಇವತ್ತು ಏನೂ ಅನ್ನಿಸುವುದಿಲ್ಲ, ವರ್ಷಗಳ ಮೇಲೆ ಒಳಗೇ ಕೊರೆಯುತ್ತದೆ. ಕ್ಯಾನ್ಸರ್, ಉಸಿರಾಟದ ಅಲರ್ಜಿ, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ, ಅಂಗಾಂಗಕ್ಕೆ ಪೆಟ್ಟು. ಟಾಲ್ವೀನ್ ಡ್ರಮ್ಮಿನ ಮೇಲೂ ಅದೇ ಇದೆ. ಆ ಹೆಲ್ಪರಿನ ಮಾತನ್ನೇ ಹಿಡಿದುಕೊಂಡೆ. ಹನುಮಪ್ಪನ ಎದೆಯಲ್ಲಿ ರಾಮ ಕೂತಿದ್ದ, ಇವನ ಎದೆಯಲ್ಲಿ ರೋಗ ಕೂತಿದೆ ಅಂದೆ. ಆ ಬ್ಯಾಚಿನಲ್ಲಿ ಆಮೇಲೆ ಯಾರೂ ಮರೆಯಲಿಲ್ಲ. ಒಟ್ಟು ಒಂಬತ್ತು ಚಿತ್ರ. ನಿಮ್ಮ ಗೋಡೌನಿನಲ್ಲಿ ನಿಜವಾಗಿ ಇರುವ ನಾಲ್ಕೋ ಐದನ್ನೋ ಮಾತ್ರ ಹೇಳಿಕೊಡಿ.

ಒಂದು ಮಾತ್ರ ಬಿಡಿಸಿ ಹೇಳಬೇಕು. ಬರೀ ಬೆಂಕಿ ಬೇರೆ, ದುಂಡು ಬಳೆಯ ಮೇಲೆ ಬೆಂಕಿ ಬೇರೆ. ಮೊದಲನೆಯದು ತಾನೇ ಉರಿಯುತ್ತದೆ. ಎರಡನೆಯದು ಪಕ್ಕದವನ ಬೆಂಕಿಗೆ ತುಪ್ಪ ಸುರಿಯುತ್ತದೆ, ಹೈಡ್ರೋಜನ್ ಪೆರಾಕ್ಸೈಡಿನ ಥರ. ಎರಡನ್ನೂ ಒಂದೇ ರ‍್ಯಾಕಿನಲ್ಲಿ ಇಡಬಾರದು. ಚಿತ್ರ ಹೆಚ್ಚುಕಮ್ಮಿ ಒಂದೇ ಥರ ಕಾಣುವುದರಿಂದ ಹುಡುಗರು ಜೋಡಿ ಅಂದುಕೊಂಡು ಪಕ್ಕಪಕ್ಕ ಇಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ.

ಎಚ್ ಸಾಲುಗಳನ್ನು ಮಾತಾಡುವ ಕನ್ನಡದಲ್ಲಿ ಬರೆದು ಅಂಟಿಸಿ. ಎಚ್225 ಅಂದರೆ "ಬೇಗ ಬೆಂಕಿ ಹಿಡಿಯುತ್ತದೆ, ಆವಿಯೂ ಹಿಡಿಯುತ್ತದೆ". ಎಚ್304 ಅಂದರೆ "ಕುಡಿದು ಶ್ವಾಸಕೋಶಕ್ಕೆ ಇಳಿದರೆ ಜೀವ ಹೋಗಬಹುದು". ಅದರ ಕೆಳಗೇ ಬರೆಯಿರಿ, "ವಾಂತಿ ಮಾಡಿಸಬೇಡಿ". ನಮ್ಮ ಜನ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಓಡುತ್ತಾರೆ. ಟಾಲ್ವೀನಿಗೆ ಅದೇ ಕುತ್ತು, ಮೇಲೆ ಬರುವಾಗ ಶ್ವಾಸಕೋಶಕ್ಕೆ ನುಗ್ಗುತ್ತದೆ. ಡೇಟಾ ಶೀಟಿನಲ್ಲಿ 16 ಭಾಗ ಇರುತ್ತವೆ. ಆಸ್ಪತ್ರೆಗೆ ಓಡುವಾಗ ಬೇಕಾದದ್ದು 4ನೇ ಭಾಗ, ಪ್ರಥಮ ಚಿಕಿತ್ಸೆ. ಪೂರಾ ಶೀಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಪ್ರಶ್ನೆ (ಮುಲುಂಡ್)

ಅಣ್ಣ, ಫ್ಯಾಕ್ಟರಿ ಅಲ್ಲ, ಮನೆ ಪ್ರಶ್ನೆ. ಬಾಗಿಲಿಗೆ ಬರುವವನ ಹತ್ತಿರ ಮೋರಿ ತೊಳೆಯುವ ಆಸಿಡ್ ತಗೋತೀವಿ. ಹಳೇ ಶರಬತ್ ಬಾಟಲಿಯಲ್ಲಿ ಕೊಡ್ತಾನೆ. ಚಿತ್ರ ಗಿತ್ರ ಏನೂ ಇಲ್ಲ.

ಉತ್ತರ

ಅಕ್ಕ, ಬೇಡವೇ ಬೇಡ. ಬಿಡಿ ಆಸಿಡ್ ಮಾರಾಟಕ್ಕೆ 2013ರಲ್ಲೇ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿದೆ. ಕೊಂಡವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು. ಅಂಗಡಿಯ ಟಾಯ್ಲೆಟ್ ಕ್ಲೀನರ್ ತಗೊಳ್ಳಿ, ಅದರ ಬಾಟಲಿಯಲ್ಲೇ ಇರಲಿ. ಅದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ಕ್ಲೋರಿನ್ ಗಾಳಿ ಏಳುತ್ತದೆ. ನಮ್ಮ ಚಾಳಿನ ಮೋರಿಗಳಿಗೆ ಕಿಟಕಿಯೂ ಇರುವುದಿಲ್ಲ.

ಶರಬತ್ ಬಾಟಲಿ ಅಂದಿರಲ್ಲ, ಹೊಟ್ಟೆಯಲ್ಲಿ ಸಂಕಟ ಆಯಿತು. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಡ್ರಮ್ಮಿಗೆ ಎಲ್ಲ ಲೇಬಲ್ಲೂ ಇತ್ತು. ಆದರೆ ಕೆಲಸಕ್ಕೆ ಬೇಕಾದಷ್ಟು ಕಾಸ್ಟಿಕ್ ದ್ರಾವಣವನ್ನು ನೀರಿನ ಬಾಟಲಿಗೆ ಬಗ್ಗಿಸಿ ಇಟ್ಟಿದ್ದರು. ಮಧ್ಯಾಹ್ನದ ಊಟಕ್ಕೆ ಕೂತ ಹುಡುಗ ನೀರು ಅಂತ ಎತ್ತಿದ. ಒಂದೇ ಗುಟುಕು, ಅದನ್ನೂ ಉಗುಳಿದ. ಆದರೂ ಎಷ್ಟೋ ತಿಂಗಳು ಗಂಜಿಯಲ್ಲೇ ಕಳೆದ. ತನಿಖೆಗೆ ಬಂದವರಿಗೆ ಮ್ಯಾನೇಜರು ತೋರಿಸಿದ್ದು ಡ್ರಮ್ಮಿನ ಲೇಬಲ್ಲನ್ನು. ಅದು ಸರಿಯಾಗೇ ಇತ್ತು!

ದೇಶ ಯಾವಾಗ ಕಾನೂನು ತಂದರೂ ತರಲಿ, ಅದು ಬರುವುದು ಡ್ರಮ್ಮಿನ ಮೇಲೆ. ಡ್ರಮ್ಮಿನಿಂದ ಮಗ್ಗಿಗೆ, ಮಗ್ಗಿನಿಂದ ಬಾಟಲಿಗೆ ಲೇಬಲ್ ಇಳಿಸುವುದು ಬಗ್ಗಿಸಿದವನ ಕೈಯಲ್ಲಿದೆ. ನನ್ನ ಸರ್ವಿಸಿನಲ್ಲಿ ನಾನು ಅತಿ ಹೆಚ್ಚು ಜಗಳ ಆಡಿದ್ದು ಇದೊಂದಕ್ಕೇ.

ಮತ್ತೆ ಭಿವಂಡಿ

ಸರ್, ನಿಮ್ಮ ಉತ್ತರ ಓದಿ ನಿನ್ನೆಯೇ ಐದು ಲೀಟರಿನ ಎಲ್ಲ ಕ್ಯಾನುಗಳ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದೆ. ಇವತ್ತು ಬೆಳಿಗ್ಗೆ ನೋಡಿದರೆ ಅರ್ಧ ಅಳಿಸಿಹೋಗಿದೆ. ಬೀಡಿ ಈಗ ಗೇಟಿನ ಹೊರಗೆ. ಸೇಠ್ ಮಾತ್ರ ನಗ್ತಾರೆ.

ಉತ್ತರ

ನಗಲಿ. ತಪ್ಪು ನಿಮ್ಮದಲ್ಲ, ಮಾರ್ಕರಿನ ಇಂಕನ್ನು ಕರಗಿಸುವುದೇ ಟಾಲ್ವೀನಿನ ಕಸುಬು. ಸುರಿಯುವಾಗ ಒಂದು ಹನಿ ಇಳಿದರೆ ಸಾಕು, ಬರಹ ಜಾರುತ್ತದೆ. ಪ್ರಿಂಟ್ ತೆಗೆದು ಟೇಪ್ ಹಾಕಿದರೂ ಅಂಟು ಬಿಡುತ್ತದೆ.

ಹೀಗೆ ಮಾಡಿ. ತಗಡಿನ ಚಿಕ್ಕ ಬಿಲ್ಲೆ ಕತ್ತರಿಸಿ, ಅಂಚು ಉಜ್ಜಿ, ಪಂಚಿನಿಂದ ಹೆಸರು ಹೊಡೆಸಿ, ತಂತಿಯಲ್ಲಿ ಕ್ಯಾನಿನ ಹಿಡಿಗೆ ಕಟ್ಟಿ. ಎಮ್ಮೆಗೆ ಬಿಲ್ಲೆ ಕಟ್ಟಿದ ಹಾಗೆ. ಚಿಕ್ಕ ಡಬ್ಬಕ್ಕೆ ಲೇಬಲ್ ಕೂರದಿದ್ದರೆ ಟ್ಯಾಗ್ ನಡೆಯುತ್ತದೆ ಅಂತ 1989ರ ನಿಯಮದಲ್ಲೇ ಇದೆ, ಸೇಠ್ ಕೇಳಿದರೆ ಹೇಳಿ. ಬಿಲ್ಲೆ ಹೊಡೆಯುವ ಕೆಲಸ ಮಾತ್ರ ಗೋಡೌನಿನೊಳಗೆ ಬೇಡ, ಕಿಡಿ ಹಾರುತ್ತದೆ. ಹೊರಗೆ ಮಾಡಿಸಿಕೊಂಡು ಬನ್ನಿ. ಒಂದು ಕಡೆ ಟಾಲ್ವೀನ್ ಅಂತಿರಲಿ. ಇನ್ನೊಂದು ಕಡೆ ಕನ್ನಡದಲ್ಲಿ, "ಬೆಂಕಿ. ಕುಡಿಯಬೇಡ."

ಭಿವಂಡಿ

ಪಂಚಿನಲ್ಲಿ ಕನ್ನಡ ಅಕ್ಷರ ಸಿಗುತ್ತಾ ಸರ್?

ಉತ್ತರ

ಸಾಮಾನ್ಯವಾಗಿ ಇಂಗ್ಲಿಷಿನದೇ ಸಿಗುತ್ತದೆ. ಕನ್ನಡದ್ದನ್ನು ಪಾತ್ರೆಗೆ ಹೆಸರು ಬರೆಯುವವನ ಹತ್ತಿರ ಕೆತ್ತಿಸಿ. ಅವನಿಗೆ ಕನ್ನಡ ಬರದಿದ್ದರೆ ನೀವು ಬರೆದುಕೊಡಿ, ಗೆರೆ ನೋಡಿ ಕೆತ್ತುತ್ತಾನೆ.