2 ಎಂಎಂ ರಾಡ್ ಗ್ಲಾಸ್ ಆಗುತ್ತೆ, 3 ಎಂಎಂ ಆಗ್ತಿಲ್ಲ, ಎಲ್ಲಿ ತಪ್ಪು?

ಎರಕದಹುಡುಗ:
ಜಿರ್ಕೋನಿಯಂ 55, ಕಾಪರ್ 30, ಅಲ್ಯುಮಿನಿಯಂ 10, ನಿಕಲ್ 5 (ಅಟಾಮಿಕ್ ಪರ್ಸೆಂಟ್ ಲೆಕ್ಕ), ಮೆಟಾಲಿಕ್ ಗ್ಲಾಸ್ (ಕ್ರಿಸ್ಟಲ್ ಆಗದೆ ಗಟ್ಟಿಯಾದ ಲೋಹ) ಮಾಡೋಕೆ ಇದನ್ನ ಆರ್ಕ್ ಮೆಲ್ಟ್ ಮಾಡಿ (ವಿದ್ಯುತ್ ಆರ್ಕಲ್ಲಿ ಕರಗಿಸಿ) ತಾಮ್ರದ ಮೋಲ್ಡ್‌ಗೆ ಸಕ್ಷನ್ ಕಾಸ್ಟಿಂಗ್ ಮಾಡ್ತಿದೀನಿ, ಅಂದ್ರೆ ಕರಗಿದ್ದನ್ನ ಹೀರಿ ಮೋಲ್ಡ್ ಒಳಗೆ ಎಳೀತೀನಿ. 2 ಎಂಎಂ ರಾಡ್ ಕನ್ನಡಿ ಥರ ಹೊಳೆಯುತ್ತೆ, ಎಕ್ಸ್‌ಆರ್‌ಡಿಲಿ (ಕ್ರಿಸ್ಟಲ್ ಇದೆಯಾ ಅಂತ ನೋಡೋ ಎಕ್ಸ್‌ರೇ ಪರೀಕ್ಷೆ) ಬರೀ ಒಂದು ಅಗಲದ ಗುಡ್ಡ, ಅಂದ್ರೆ ಗ್ಲಾಸ್. 3 ಎಂಎಂ ಮಾಡಿದ್ರೆ ಗುಡ್ಡದ ಮೇಲೆ ಕ್ರಿಸ್ಟಲ್‌ನ ಚೂಪು ಪೀಕ್‌ಗಳು, ಮುರಿದು ನೋಡಿದ್ರೆ ಮಧ್ಯದಲ್ಲಿ ಬೂದಿ ಬಣ್ಣದ ಒರಟು ಕಲೆ. ಓದಿದ ಕಡೆಯೆಲ್ಲ ಈ ಅಲಾಯ್ 10 ಎಂಎಂ ಆರಾಮಾಗಿ ದಾಟುತ್ತೆ ಅಂತಿದೆ. ಗೈಡ್ ಕೇಳಿದ್ರೆ ಮೋಲ್ಡ್ ಇನ್ನೂ ತಣ್ಣಗೆ ಮಾಡಪ್ಪ ಅಂತಾರೆ. ಅದೂ ಆಯ್ತು, ಉಪಯೋಗ ಇಲ್ಲ.

ಹಳೇಕುಲುಮೆ:
ಮೋಲ್ಡ್ ಬಿಟ್ಟುಬಿಡಿ, ಅದರ ತಪ್ಪಲ್ಲ. ಕೂಲಿಂಗ್ ರೇಟ್ ರಾಡ್ ದಪ್ಪದ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಬೀಳುತ್ತೆ, ಅಂದ್ರೆ 10 ಎಂಎಂ ರಾಡ್ ನಿಮ್ಮ 3 ಎಂಎಂಗಿಂತ ಹತ್ತು ಪಟ್ಟಿಗೂ ಜಾಸ್ತಿ ನಿಧಾನವಾಗಿ ತಣಿಯುತ್ತೆ, ಆದ್ರೂ ಬೇರೆಯವರಿಗೆ ಗ್ಲಾಸ್ ಬರ್ತಿದೆ. ಇಷ್ಟು ದೊಡ್ಡ ವ್ಯತ್ಯಾಸ ಮೋಲ್ಡ್‌ನಿಂದ ಬರಲ್ಲ ಸ್ವಾಮಿ, ಆಕ್ಸಿಜನ್‌ನಿಂದ ಬರುತ್ತೆ. ಜಿರ್ಕೋನಿಯಂ ಆಕ್ಸಿಜನ್ನನ್ನ ಸ್ಪಂಜಿನ ಹಾಗೆ ಹೀರುತ್ತೆ, ಸ್ವಲ್ಪ ಸೇರಿದ್ರೂ ಸಾಕು, ಆಕ್ಸಿಜನ್ ಇರೋ ಸಣ್ಣ ಕ್ರಿಸ್ಟಲ್‌ಗಳು ಮೊದಲು ಹುಟ್ಕೊಂಡು ಉಳಿದವು ಅದರ ಮೇಲೆ ಬೆಳೀತಾವೆ. ನಿಮ್ಮದು ಸ್ಪಂಜ್ ಜಿರ್ಕೋನಿಯಮ್ಮಾ, ಇನ್ನೂ ಶುದ್ಧವಾದ ಕ್ರಿಸ್ಟಲ್ ಬಾರಾ? ಮತ್ತೆ ಅಲಾಯ್ ಕರಗಿಸೋ ಮುಂಚೆ ಟೈಟಾನಿಯಂ ಗೆಟರ್ (ಚೇಂಬರಲ್ಲಿ ಉಳಿದ ಆಕ್ಸಿಜನ್ ಹೀರೋ ತುಂಡು) ಕರಗಿಸ್ತೀರಾ? ತಣ್ಣಗಾದ ಮೇಲೆ ಅದರ ಬಣ್ಣ ಹೇಳಿ. ಬೆಳ್ಳಿ ಥರ ಇದ್ರೆ ಚೇಂಬರ್ ಸರಿ ಇದೆ, ಹಳದಿ ಅಥವಾ ನೀಲಿ ಆದ್ರೆ ಗಾಳಿ ನುಗ್ತಿದೆ.

ಗುಂಡಿತಿರುವು:
ಮೇಲಿನವರು ಹೇಳಿದ್ದು ಸರಿ, ಇನ್ನೊಂದು ಸೇರಿಸ್ತೀನಿ. ಬಟನ್‌ನ (ಆರ್ಕಲ್ಲಿ ಕರಗಿಸಿದ ಅಲಾಯ್ ಗುಂಡಿ) ತಳ ನೀರು ಹರಿಯೋ ತಾಮ್ರಕ್ಕೆ ಅಂಟ್ಕೊಂಡೇ ಇರುತ್ತೆ, ಅಲ್ಲಿ ಪೂರ್ತಿ ಕರಗದ ಪದರ ಉಳಿದು ಮೋಲ್ಡ್‌ಗೂ ಹೋದ್ರೆ ಅದೇ ಬೀಜ ಆಗುತ್ತೆ, ಹಾಗಾಗಿ ತಿರುಗಿಸಿ ತಿರುಗಿಸಿ ನಾಲ್ಕೈದು ಸಲ ಕರಗಿಸಿ, ಎಳೆಯೋ ಮುಂಚೆ ಕರೆಂಟ್ ಜಾಸ್ತಿ ಕೊಡಿ. 2 ಎಂಎಂದು ಪೂರ್ತಿ ಗ್ಲಾಸ್ ಅಂತಾನೂ ನಂಬಬೇಡಿ, ಕೆಲವು ಪರ್ಸೆಂಟ್ ಕ್ರಿಸ್ಟಲ್ ಎಕ್ಸ್‌ಆರ್‌ಡಿಗೆ ಕಾಣಲ್ಲ. ಅದೇ ಅಲಾಯ್‌ನ ಮೆಲ್ಟ್ ಸ್ಪನ್ ರಿಬ್ಬನ್ (ತಿರುಗೋ ಚಕ್ರದ ಮೇಲೆ ಸುರಿದು ತುಂಬ ಬೇಗ ತಣಿಸಿದ, ಪೂರ್ತಿ ಗ್ಲಾಸ್ ಆದ ತೆಳು ಪಟ್ಟಿ) ಜೊತೆ ಡಿಎಸ್‌ಸಿಲಿ (ಬಿಸಿ ಮಾಡ್ತಾ ಶಾಖ ಅಳೆಯೋ ಪರೀಕ್ಷೆ) ಕ್ರಿಸ್ಟಲೈಸೇಷನ್ ಹೀಟ್, ಅಂದ್ರೆ ಗ್ಲಾಸ್ ಕ್ರಿಸ್ಟಲ್ ಆಗುವಾಗ ಬಿಡೋ ಶಾಖ, ಹೋಲಿಸಿ ನೋಡಿ, ಕಡಿಮೆ ಬಂದ್ರೆ ಆಗಲೇ ಸ್ವಲ್ಪ ಕ್ರಿಸ್ಟಲ್ ಆಗಿದೆ ಅಂತ.

ಎರಕದಹುಡುಗ:
ಗೆಟರ್ ಇಟ್ಟಿದ್ದೆ, ಆದ್ರೆ ಬಣ್ಣ ಯಾವತ್ತೂ ನೋಡಿರಲಿಲ್ಲ 😅 ಇವತ್ತು ನೋಡಿದ್ರೆ ಗೋಧಿಹುಲ್ಲಿನ ಹಳದಿ, ಅಂಚಲ್ಲಿ ನೀಲಿ. ಬಾಗಿಲಿನ ಓ ರಿಂಗ್ ತೆಗೆದ್ರೆ ಉಗುರು ಸಿಕ್ಕೋ ಅಷ್ಟು ಸೀಳು. ಜಿರ್ಕೋನಿಯಂ ಕೂಡ ಸ್ಪಂಜೇ. ಹೊಸ ರಿಂಗ್ ಹಾಕಿ, ಮೂರು ಸಲ ಆರ್ಗಾನ್ ಫ್ಲಶ್ ಮಾಡಿ ಅದೇ ಸ್ಪಂಜಲ್ಲಿ 3 ಎಂಎಂ ಎಳೆದೆ, ಕಲೆ ಇಲ್ಲ! 5 ಎಂಎಂ ಮಾತ್ರ ಇನ್ನೂ ಕೈಕೊಡ್ತಿದೆ. ಕ್ರಿಸ್ಟಲ್ ಬಾರ್‌ಗೆ ಹೇಳಿದೀನಿ. ಅಂದಹಾಗೆ ಇದೇ ಚೇಂಬರಲ್ಲಿ ಮೆಗ್ನೀಸಿಯಂ ಗ್ಲಾಸ್ ಮಾಡಬಹುದಾ? ಹಗುರ ಇರುತ್ತಲ್ಲ.

ಹಳೇಕುಲುಮೆ:
ಬೇಡ ಮಾರಾಯ್ರೇ. ಮೆಗ್ನೀಸಿಯಂ ಸುಮಾರು 1090 ಡಿಗ್ರಿಗೇ ಕುದಿಯುತ್ತೆ, ಆರ್ಕ್ ಕೆಳಗೆ ಹೊಗೆಯಾಗಿ ಗೋಡೆಗೆ ಮೆತ್ಕೊಳ್ಳುತ್ತೆ, ಬಟನ್‌ನ ಕಾಂಪೊಸಿಷನ್ನೇ ಬದಲಾಗುತ್ತೆ. ಮಿಕ್ಕಿದ್ದನ್ನ ಮೊದಲು ಆರ್ಕಲ್ಲಿ ಬೇರೆಯಾಗಿ ಕರಗಿಸ್ಕೊಂಡು, ಆಮೇಲೆ ಕ್ರೂಸಿಬಲ್‌ನಲ್ಲಿ ಇಂಡಕ್ಷನ್ ಹೀಟಿಂಗ್ ಮಾಡಿ ಮೆಗ್ನೀಸಿಯಂ ಸೇರಿಸ್ತಾರೆ. ಅಷ್ಟೆಲ್ಲ ಮಾಡಿದ್ರೂ ಮೆಗ್ನೀಸಿಯಂ, ಕಾಪರ್, ಇಟ್ರಿಯಂ ಗ್ಲಾಸ್ ಕಿಟಕಿ ಗಾಜಿನ ಹಾಗೇ ಚೂರು ಚೂರಾಗುತ್ತೆ, ಕಾಪರ್ ಸೇರಿದ ಮೇಲೆ ನೀವಂದ್ಕೊಂಡಷ್ಟು ಹಗುರಾನೂ ಇರಲ್ಲ. ಮೊದಲು 5 ಎಂಎಂ ಎಳೀರಿ.